ಅಕ್ಕ ಹಾಕದೆ ಬಿಟ್ಟ ಸುದ್ದಿ

ಕಚೇರಿಯಲ್ಲಿ ಅವಳನ್ನು ಎಲ್ಲರೂ ಜರಡಿ ಅಂತಲೇ ಕರೆಯುತ್ತಿದ್ದರು. ಶ್ವಾಸಕೋಶ ಗಟ್ಟಿಯಾಗುತ್ತ ಹೋಗುವ ಕಾಯಿಲೆಯವರಿಗಾಗಿ ಒಂದು ಅಂತರ್ಜಾಲ ಪುಟ; ದಿನವೂ ರಾಶಿ ರಾಶಿ ಬರುವ ಬರಹ, ವಿಡಿಯೊಗಳಲ್ಲಿ ಯಾವುದು ಅಲ್ಲಿ ಏರಬೇಕೆಂದು ಆರಿಸುವುದು ಅವಳ ಕೆಲಸ. ತಲೆಬರಹಕ್ಕೆ ಮರುಳಾಗುವವಳಲ್ಲ. ಕೊನೆಯ ಸಾಲಿನವರೆಗೂ ಓದದೆ ಯಾವುದನ್ನೂ ಹಾಕುತ್ತಿರಲಿಲ್ಲ. ಊರೆಲ್ಲ ಹಬ್ಬಿದ ಸುಳ್ಳು ಸುದ್ದಿಯಿದ್ದರೆ ಅದನ್ನೂ ತಪ್ಪದೆ ಹಾಕಿ, ಕೆಳಗೆ 'ಇದನ್ನು ನಂಬಬೇಡಿ, ಕಾರಣ ಹೀಗಿದೆ' ಎಂದು ಬರೆಯುತ್ತಿದ್ದಳು. ಹೆದರಿ ಕೂತವರು ಅದನ್ನೋದಿ ನಿರಾಳವಾಗುತ್ತಿದ್ದರು.

ಆ ಪುಟವನ್ನು ಎಲ್ಲರಿಗಿಂತ ಮೊದಲು ಓದುವವಳು ಅವಳ ತಂಗಿ. ಅದೇ ಕಾಯಿಲೆ, ಕಿಟಕಿ ಪಕ್ಕದ ಮಂಚ, ಮೂಗಿಗೆ ಆಮ್ಲಜನಕದ ಕೊಳವೆ.

ಆ ವಾರ ದೊಡ್ಡ ಅಧ್ಯಯನವೊಂದು ಹೊರಬಂತು. ತಂಗಿ ನೆಚ್ಚಿಕೊಂಡಿದ್ದ ಹೊಸ ಮಾತ್ರೆಯಿಂದ ಏನೂ ಪ್ರಯೋಜನವಿಲ್ಲವಂತೆ. ಜರಡಿ ಅದನ್ನು ತಿರುಗಿಸಿ ಮುರುಗಿಸಿ ಓದಿದಳು, ಹುಳುಕು ಹುಡುಕಿದಳು. ಸಿಗಲಿಲ್ಲ. ಹಾಕಲು ಕೈ ಬರಲಿಲ್ಲ. ಮರುದಿನವೂ ಅಷ್ಟೇ; ಉಸಿರಾಟದ ವ್ಯಾಯಾಮದ ವಿಡಿಯೊ ಒಂದನ್ನು ಏರಿಸಿ ಮನೆಗೆ ಬಂದಳು.

"ಏನಕ್ಕ ಜರಡಿ, ತೂತೆಲ್ಲ ಮುಚ್ಚಿಕೊಂಡ್ವಾ?" ಎಂದಳು ತಂಗಿ.

"ಹಾಗಂದ್ರೆ?"

"ಮಾತ್ರೆ ಸುದ್ದಿ ಮೊನ್ನೇನೇ ನನ್ನ ಫೋನಿಗೆ ಬಂತು. ಸುಳ್ಳಿರಬಹುದು, ಅಕ್ಕ ಚೆನ್ನಾಗಿ ಉಗಿದು ಹಾಕ್ತಾಳೆ ಅಂತ ಕಾದೆ. ನೀನು ತುಟಿ ಬಿಚ್ಚಲಿಲ್ಲ. ನಿಜ ಅಂತ ಆಗ್ಲೇ ಗೊತ್ತಾಯ್ತು."

ತಂಗಿ ಕೈ ಚಾಚಿ, ಅಕ್ಕನ ಹೆಗಲಿಂದ ಜಾರುತ್ತಿದ್ದ ಚೀಲವನ್ನು ತೆಗೆದು ಪಕ್ಕಕ್ಕಿಟ್ಟಳು.

"ಹಾಕ್ಬಿಡು. ನನ್ನ ಹಾಗೆ ಇನ್ನೂ ಯಾರ್ಯಾರು ಕಾಯ್ತಿದ್ದಾರೋ. ಕಾಯೋದೇ ಕಷ್ಟ ಕಣೆ."

"ಹೇಗೆ ಹಾಕ್ಲಿ?"

"ನನ್ನ ಕೇಳ್ತೀಯಾ? ಊರಿಗೆಲ್ಲ ಆರಿಸಿ ಕೊಡೋಳು!" ನಗಲು ಹೋಗಿ ಕೆಮ್ಮು ಹತ್ತಿತು. ಕೆಮ್ಮು ನಿಂತ ಮೇಲೆ ಮೆಲ್ಲಗೆ ಹೇಳಿದಳು: "ಪುಟದ ಮೇಲುಗಡೆ ಬೇಡ. ಕಣ್ಣು ಬಿಟ್ಟ ಕೂಡಲೇ ಓದೋ ಮಾತಲ್ಲ ಅದು. ಡಾಕ್ಟರನ್ನ ಕೇಳದೆ ಮಾತ್ರೆ ನಿಲ್ಲಿಸಬೇಡಿ ಅಂತ ಬರಿ. ಮತ್ತೆ, ಮಾಡಿದ್ರೆ ಯಾರಾದ್ರೂ ಎತ್ತೋ ಅಂಥ ಒಂದು ಫೋನ್ ನಂಬರ್ ಕೊಡು."

ಅಕ್ಕ ಮಂಚದ ಅಂಚಿನಲ್ಲೇ ಕೂತು ಹಾಗೇ ಬರೆದು ಪುಟಕ್ಕೆ ಹಾಕಿದಳು. ನಂಬರು ತನ್ನದನ್ನೇ ಕೊಟ್ಟಳು.

ತಂಗಿ ಎಂದಿನಂತೆ ಎಲ್ಲರಿಗಿಂತ ಮೊದಲು, ಕೊನೆಯ ಸಾಲಿನವರೆಗೂ ಓದಿದಳು. ಫೋನು ಮಗುಚಿಟ್ಟು ಕಿಟಕಿಯತ್ತ ಹೊರಳಿದಳು. ಸ್ವಲ್ಪ ಹೊತ್ತಿಗೆ ಅಕ್ಕನ ಫೋನು ಬಡಿದುಕೊಳ್ಳತೊಡಗಿತು. ಗೊತ್ತಿಲ್ಲದ ನಂಬರು.

"ಎತ್ತಕ್ಕ," ಎಂದಳು ತಂಗಿ, ಈ ಕಡೆ ತಿರುಗದೆ.