ಭಾನುವಾರ ಫ್ರೀನಾ?

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಟೈಲರಕ್ಕನ ಅಂಗಡಿ. ನಲವತ್ತು ದಾಟಿದ್ದರೂ ಅವಳು ಮದುವೆಯ ಗೊಡವೆಗೆ ಹೋಗಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ತಂಗಿಯರನ್ನು ದಡ ಸೇರಿಸುವುದರಲ್ಲೇ ಪ್ರಾಯ ಸವೆದಿತ್ತು. ಈಗ ಕೊನೆಯ ತಂಗಿ ಮಾತ್ರ ಜೊತೆಗಿದ್ದು, ಅಂಗಡಿಯಲ್ಲಿ ಗುಂಡಿ ಹಾಕಿಕೊಡುತ್ತಿದ್ದಳು.

ಅಲ್ಲಿ 'ಫ್ರೀ' ಎಂಬ ಮಾತಿಗೆ ಎರಡೇ ಅರ್ಥ. ಅಳತೆ ಕೊಡುವವರು "ಕಂಕುಳಲ್ಲಿ ಸ್ವಲ್ಪ ಫ್ರೀ ಬಿಡಿ" ಎಂದರೆ ಸಡಿಲ. ಅದೇ ಜನ ಬಟ್ಟೆ ಒಯ್ಯುವಾಗ "ಗುಂಡಿ ಫ್ರೀ ತಾನೇ?" ಎಂದರೆ ಪುಕ್ಕಟೆ. ಮೊದಲನೆಯದಕ್ಕೆ ಟೈಲರಕ್ಕ ತಲೆಯಾಡಿಸುತ್ತಿದ್ದಳು, ಎರಡನೆಯದಕ್ಕೆ ಕಿವುಡಿಯಾಗುತ್ತಿದ್ದಳು.

ಹೆಂಡತಿಯನ್ನು ಕಳೆದುಕೊಂಡಿದ್ದ ಬಸ್ ಡ್ರೈವರೊಬ್ಬ ಇತ್ತೀಚೆಗೆ ಮೇಲಿಂದ ಮೇಲೆ ಶರಟು ಹೊಲಿಸುತ್ತಿದ್ದ. ಮಾತು ಕಡಿಮೆಯ ಮನುಷ್ಯ. ಅಂದು ಶರಟು ಕೈಗೆ ಬಂದ ಮೇಲೂ ಬಾಗಿಲಲ್ಲೇ ನಿಂತ. ಗಂಟಲು ಸರಿಮಾಡಿಕೊಂಡು, "ಭಾನುವಾರ ಫ್ರೀನಾ?" ಎಂದ.

ಟೈಲರಕ್ಕ ಕತ್ತರಿಸುತ್ತಿದ್ದ ಬಟ್ಟೆಯಿಂದ ಕಣ್ಣೆತ್ತಲಿಲ್ಲ. "ಭಾನುವಾರ ಆದ್ರೇನು, ಸೋಮವಾರ ಆದ್ರೇನು? ಇಲ್ಲಿ ಯಾವತ್ತೂ ಯಾವುದೂ ಫ್ರೀ ಇಲ್ಲ."

ಡ್ರೈವರನ ಮುಖ ಬಾಡಿತು. "ಸರಿ ಬಿಡಿ," ಎಂದು ಹೊರಟುಹೋದ.

ತಂಗಿ ಬಿದ್ದು ಬಿದ್ದು ನಕ್ಕಳು. "ಅಕ್ಕಾ, ಅವ್ರು ಕೇಳಿದ್ದು ನಿನಗೆ ಬಿಡುವಿದೆಯಾ ಅಂತ ಕಣೇ."

"ನನ್ನ ಬಿಡುವು ಕಟ್ಕೊಂಡು ಅವರಿಗೇನಾಗ್ಬೇಕು?"

"ಅದನ್ನ ಅವರನ್ನೇ ಕೇಳು."

ಟೈಲರಕ್ಕನ ಕಿವಿ ಬಿಸಿಯಾಯಿತು. ಅವಳಿಗೆ ಬಿಡುವಿದೆಯೇ ಎಂದು ಈವರೆಗೆ ಯಾರೂ ವಿಚಾರಿಸಿರಲಿಲ್ಲ. ಬಟ್ಟೆ ಯಾವಾಗ ಸಿಗುತ್ತದೆ ಎಂದಷ್ಟೇ ಎಲ್ಲರೂ ಕೇಳುತ್ತಿದ್ದುದು. ಹೊಲಿಯಲು ಕುಳಿತರೆ ದಾರ ಮತ್ತೆ ಮತ್ತೆ ತುಂಡಾಯಿತು. ಕೊನೆಗೆ ಕತ್ತಿನಲ್ಲಿದ್ದ ಟೇಪನ್ನೂ ತೆಗೆಯದೆ ಎದ್ದು ನಿಲ್ದಾಣಕ್ಕೆ ನಡೆದಳು.

ಬಸ್ಸು ಹೊರಡುವುದರಲ್ಲಿತ್ತು. ಡ್ರೈವರನ ಕಿಟಕಿಯ ಕೆಳಗೆ ನಿಂತು, "ನಾನು ಅಂಗಡಿ ವಿಷಯ ಹೇಳ್ಬಿಟ್ಟೆ. ನನ್ನ ವಿಷಯ ಕೇಳಿದ್ದಾದ್ರೆ ಉತ್ತರ ಬೇರೆ," ಎಂದಳು.

ಅವನು ಎಂಜಿನ್ ಆರಿಸಿದ. ಹಿಂದೆ ಕುಳಿತವರು ಗೊಣಗಿದರು.

"ಏನು ಉತ್ತರ?"

"ಭಾನುವಾರ ಅಂಗಡಿ ತೆಗೆಯಲ್ಲ."

ಅವನ ಮುಖ ಅರಳಿತು. "ಎಲ್ಲಿಗಾದ್ರೂ ಹೋಗೋಣ್ವಾ?"

"ಹೋಗೋಣ, ಬಸ್ಸಲ್ಲೇ. ಆದ್ರೆ ಓಡಿಸೋರು ಬೇರೆಯವರಿರ್ಲಿ."

ಭಾನುವಾರ ಇಬ್ಬರೂ ಪ್ರಯಾಣಿಕರ ಸೀಟಿನಲ್ಲಿ ಕುಳಿತು ಕೆರೆಯ ಕಡೆಗೆ ಹೊರಟರು. ದಾರಿಯುದ್ದಕ್ಕೂ ಅವನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಲೇ ಇತ್ತು. ಅವಳು ಅದನ್ನು ನೋಡಿ ನೋಡಿ ನಕ್ಕಳು. ತಿರುವಿನಲ್ಲಿ ಹೆಗಲಿಗೆ ಹೆಗಲು ತಗಲಿದಾಗ ಸರಿದು ಕೂರಲಿಲ್ಲ.