ಇಬ್ಬರೂ ಮೂರು ಎಂದೇ ಬರೆದರು

ನನ್ನ ಮೈದುನನಿಗೆ ಆತುರಗೇಡಿ ಎಂದು ಹೆಸರಿಟ್ಟವಳು ನಾನೇ. ಮದುವೆಯಾಗಿ ಬಂದ ಹೊಸದರಲ್ಲಿ ಇಟ್ಟದ್ದು, ಆಗ ಅವನಿಗಿನ್ನೂ ಮೀಸೆ ಮೂಡಿರಲಿಲ್ಲ. ಆಮೇಲೆ ಮೀಸೆಯೂ ಬಂತು, ನರೆಯಿತು ಕೂಡ, ಹೆಸರು ಬದಲಿಸುವ ಪ್ರಸಂಗ ಮಾತ್ರ ಬರಲಿಲ್ಲ. ಅಂಥವನ ಕಂಪನಿಯಲ್ಲಿ ನಾನು ಕೆಲಸ ಮಾಡಿದೆ. ನಂಟರೆಲ್ಲ ನಕ್ಕರು, ನಗಲಿ. ಅವನಿಗೆ ಮಾರುವುದು ಗೊತ್ತಿತ್ತು, ನನಗೆ ಕರ್ನಲ್ ಗೊತ್ತಿತ್ತು. ಕರ್ನಲ್ ಎಂದರೆ ಕಂಪ್ಯೂಟರಿನ ಒಳಮನೆಯ ಯಜಮಾನಿ. ಯಾರಿಗೆ ಎಷ್ಟು ಜಾಗ, ಯಾರ ಸರದಿ ಯಾವಾಗ, ಎಲ್ಲ ಅವಳೇ ಹೇಳಬೇಕು. ಅವಳು ಎಡವಿದರೆ ಮನೆಯೇ ಮಗುಚುತ್ತದೆ.

ನಾವು ಮಾಡುತ್ತಿದ್ದದ್ದು ರೋಗಿಯ ನರಕ್ಕೆ ಔಷಧಿ ಹನಿಸುವ ಯಂತ್ರ. ಹಾಸಿಗೆ ಪಕ್ಕದ ಕಂಬಕ್ಕೆ ಸಿಕ್ಕಿಸುವಂಥದ್ದು, ಊಟದ ಡಬ್ಬಿಯಷ್ಟು ದೊಡ್ಡದು. ಹೊಸ ಮಾದರಿ ಸೋಮವಾರ ಒಂದು ಆಸ್ಪತ್ರೆಗೆ ಹೋಗಬೇಕಿತ್ತು. ಅಷ್ಟರಲ್ಲಿ ಪರೀಕ್ಷೆಯ ಮೇಜಿನ ಮೇಲೆ ಅದು ಇದ್ದಕ್ಕಿದ್ದ ಹಾಗೆ ಸೆಟೆದುಕೊಂಡಿತು. ಪರದೆ ಮಿಸುಕಲಿಲ್ಲ, ಹನಿ ನಿಂತಿತು, ಎಚ್ಚರಿಕೆಯ ಗಂಟೆಯೂ ಹೊಡೆಯಲಿಲ್ಲ. ಮೇಜಿನ ಮೇಲಾದರೆ ಕೊಳವೆಯ ಆ ತುದಿಯಲ್ಲಿ ಪ್ಲಾಸ್ಟಿಕ್ ಬಕೆಟ್ ಇರುತ್ತದೆ. ಆಸ್ಪತ್ರೆಯಲ್ಲಿ ಯಾರದೋ ತಾಯಿ ಇರುತ್ತಾಳೆ.

ಮತ್ತೆ ಚಾಲೂ ಮಾಡಿದರೆ ಏನೂ ಆಗಿಲ್ಲವೆಂಬಂತೆ ನಡೆಯಿತು. ಆಮೇಲೆ ಮತ್ತೆ ಸೆಟೆಯಿತು. ಮೈದುನನೂ ಒಂದು ಕಾಲದಲ್ಲಿ ಕೋಡ್ ಬರೆದವನೇ. ಎಲ್ಲಿ ಕೆಡುತ್ತದೆ ನೋಡೋಣ ಎಂದು ನಡುವೆ ಒಂದು ಸಾಲು ತುರುಕಿದ: ಆ ಜಾಗ ದಾಟುವಾಗಲೆಲ್ಲ ಯಂತ್ರ 'ಇಲ್ಲಿಗೆ ಬಂದೆ' ಎಂದು ಬರೆದು ತೋರಿಸುವ ಸಾಲು. ತುರುಕಿದ್ದೇ ತಡ, ರೋಗ ಮಾಯ. ಹಗಲೆಲ್ಲ ಓಡಿಸಿದರೂ ಒಮ್ಮೆಯೂ ನಿಲ್ಲಲಿಲ್ಲ.

"ಅತ್ತಿಗೆ, ಗೆದ್ವಿ!" ಎಂದು ಕುಣಿದ. "ಆ ಸಾಲು ಅಲ್ಲೇ ಬಿದ್ದಿರ್ಲಿ. ಪ್ಯಾಕ್ ಮಾಡ್ಸಿ."

"ಯಾಕೆ ಸರಿಹೋಯ್ತು?"

"ಯಾಕೋ ಹೋಯ್ತು. ಬಿಟ್ಟು ಹೋದ ಜ್ವರಾನ ಯಾಕಪ್ಪಾ ಹೋದೆ ಅಂತ ಯಾರಾದ್ರೂ ಕೇಳ್ತಾರಾ?"

"ಹೇಳದೆ ಹೋಗಿದ್ದು ಹೇಳದೇನೇ ವಾಪಸ್ ಬರುತ್ತೆ. ಪ್ಯಾಕು ಗೀಕು ಏನೂ ಇಲ್ಲ."

"ನಿಮ್ಮ ಹಠಕ್ಕೆ ಅಣ್ಣ ಹೆದರ್ತಾನೆ, ಆಸ್ಪತ್ರೆಯವರು ಹೆದರಲ್ಲ. ಸೋಮವಾರ ತಪ್ಪಿದ್ರೆ ಬೇರೆ ಕಂಪನಿಗೆ ಹೋಗ್ತಾರೆ."

"ಹೋಗ್ಲಿ. ರೋಗಿ ಅಲ್ಲಾದ್ರೂ ಬದುಕ್ಲಿ."

ಮುಖ ದಪ್ಪ ಮಾಡಿಕೊಂಡು ಹೋದ. ನಾನು ಆ ಸಾಲನ್ನು ಕಿತ್ತು ಕುಳಿತೆ. ಬೂದಿ ಮುಚ್ಚಿದ ಕೆಂಡವನ್ನು ಮಡಿಲಲ್ಲಿ ಕಟ್ಟಿಕೊಂಡು ಓಡಾಡುವ ಧೈರ್ಯ ನನಗಿಲ್ಲ.

ಬರೆದು ತೋರಿಸುವುದರಿಂದ ಏನೂ ದುರಸ್ತಿಯಾಗುವುದಿಲ್ಲ. ಅದರಿಂದ ಆಗುವುದು ಒಂದೇ, ತಡ. ತಡವಾದರೆ ವಾಸಿಯಾಗುವ ರೋಗ ಎಂಥದ್ದು? ಇಬ್ಬರು ಒಂದೇ ಗಳಿಗೆಯಲ್ಲಿ ಒಂದೇ ಬಾಗಿಲಿಗೆ ನುಗ್ಗುವ ರೋಗ. ಒಬ್ಬ ಸ್ವಲ್ಪ ಹಿಂದೆ ಬಿದ್ದರೆ ಡಿಕ್ಕಿಯಾಗುವುದಿಲ್ಲ. ಹಳೆ ಮಾದರಿಯಲ್ಲಿ ಆಜ್ಞೆಗಳನ್ನು ನಡೆಸುವ ಪ್ರೊಸೆಸರ್ ಒಂದೇ ಇತ್ತು. ಪರದೆ ಚುರುಕಾಗಲಿ ಎಂದು ಹೊಸದರಲ್ಲಿ ಎರಡು ಕೂರಿಸಿದ್ದೆವು. ಅಲ್ಲಿಗೆ ನನ್ನ ಮೂಗಿಗೆ ವಾಸನೆ ಹತ್ತಿತು.

ನೋಡಿ, ಹನಿಯ ವೇಗವನ್ನು ಬರೆದಿಡುವ ಜಾಗ ಒಂದಿದೆ ಅನ್ನಿ. ಅದನ್ನು ಪರದೆ ನೋಡಬೇಕು, ಗಂಟೆ ನೋಡಬೇಕು, ಹನಿಸುವ ಮೋಟಾರು ನೋಡಬೇಕು, ದಾಖಲೆ ಬರೆಯುವವನೂ ನೋಡಬೇಕು. ಒಳಗೆ ಎಷ್ಟು ಜನ ಇದ್ದಾರೆ ಎಂಬ ಸಂಖ್ಯೆಯೂ ಅಲ್ಲೇ ಇರುತ್ತದೆ. ಬಂದವರು ಒಂದು ಕೂಡಬೇಕು, ಹೋಗುವವರು ಒಂದು ಕಳೆಯಬೇಕು. ಸೊನ್ನೆಯಾದರೆ ಯಜಮಾನಿ ಆ ಜಾಗವನ್ನು ಬೇರೆಯವರಿಗೆ ಕೊಡುತ್ತಾಳೆ. ಆದರೆ ಕೂಡುವುದು ನಾವಂದುಕೊಂಡಷ್ಟು ಸಲೀಸಲ್ಲ. ಮೊದಲು ಓದಬೇಕು, ಮನಸ್ಸಿನಲ್ಲಿ ಒಂದು ಸೇರಿಸಬೇಕು, ಆಮೇಲೆ ಬರೆಯಬೇಕು. ಇಬ್ಬರು ಒಟ್ಟಿಗೆ ಬಂದರು, ಇಬ್ಬರೂ ಎರಡು ಎಂದು ಓದಿದರು, ಇಬ್ಬರೂ ಮೂರು ಎಂದೇ ಬರೆದರು. ನಾಲ್ಕಾಗಬೇಕಿದ್ದದ್ದು ಮೂರಾಯಿತು. ಮೂವರು ಹೊರಟಾಗ ಸೊನ್ನೆ. ಒಳಗಿನ್ನೂ ಒಬ್ಬ ಕುಳಿತಿರುವಾಗಲೇ ಅವನ ಮೇಲೆ ಇನ್ನೊಂದು ಸಂಸಾರ ಬಂದು ಇಳಿಯಿತು. ಮೋಟಾರು ವೇಗ ಎಷ್ಟೆಂದು ನೋಡಿದರೆ ಅಲ್ಲಿ ಪರದೆಯ ಚಿತ್ರದ ಚೂರು. ಇನ್ನೇನು ಮಾಡೀತು, ಸೆಟೆಯಿತು.

ಹೇಳಿದರೆ ಆತುರಗೇಡಿ ಕೇಳುವವನಲ್ಲ, ತೋರಿಸಬೇಕು. ಅವನು ಗೊತ್ತಿಲ್ಲದೆ ರೋಗ ಮುಚ್ಚಿದ್ದ, ನಾನು ಬೇಕೆಂದೇ ಕೆರಳಿಸಿದೆ. ಓದುವುದಕ್ಕೂ ಬರೆಯುವುದಕ್ಕೂ ನಡುವೆಯೇ ಒಂದಿಷ್ಟು ತಡ ಇಟ್ಟೆ, ಡಿಕ್ಕಿಗೆ ಧಾರಾಳವಾಗಿ ಜಾಗ ಮಾಡಿಕೊಟ್ಟೆ. ಅವನನ್ನು ಕರೆದೆ.

"ಪರದೆ ಮುಟ್ಟು."

ಮುಟ್ಟಿದ. ಹನಿ ನಿಂತಿತು. ಮತ್ತೆ ಚಾಲೂ ಮಾಡಿಸಿದೆ. ಮುಟ್ಟಿದ, ನಿಂತಿತು.

"ನೀವೇ ಏನೋ ಮಾಟ ಮಾಡಿದ್ದೀರಿ."

"ಮಾಡಿದ್ದೀನಿ. ಇಲ್ಲಿ, ಓದು."

ಕನ್ನಡಕ ಏರಿಸಿಕೊಂಡು ಬಗ್ಗಿದ. ಬಗ್ಗಿದವನು ಏಳಲಿಲ್ಲ.

"ಇದು ಹಳೆ ಮಾದರಿಗೆ ನಾನು ಬರೆದ ಸಾಲು," ಎಂದ, ಸಣ್ಣ ದನಿಯಲ್ಲಿ.

"ಬರೆದಾಗ ಸರಿಯಾಗೇ ಇತ್ತು ಕಣಪ್ಪ. ಆಗ ಕೂಡೋನು ಒಬ್ಬನೇ, ನಡುವೆ ನುಗ್ಗೋರು ಯಾರೂ ಇರ್ಲಿಲ್ಲ. ಜೊತೆಗೆ ಇನ್ನೊಬ್ಬನ್ನ ತಂದು ಕೂರಿಸಿದ್ವಿ, ಈ ಸಾಲಿಗೆ ಯಾರೂ ಹೇಳ್ಲಿಲ್ಲ."

"ಏನು ಮಾಡೋದು ಈಗ?"

"ಪ್ರೊಸೆಸರಿನಲ್ಲೇ ಅದಕ್ಕೊಂದು ಆಜ್ಞೆ ಇದೆ. ಓದೋದು, ಕೂಡೋದು, ಬರೆಯೋದು, ಮೂರೂ ಒಂದೇ ಗುಟುಕು. ಅದು ಮುಗಿಯೋವರೆಗೂ ಇನ್ನೊಬ್ಬ ಆ ಸಂಖ್ಯೆ ಮುಟ್ಟೋ ಹಾಗಿಲ್ಲ. ಈ ಸಾಲಿನ ಬದಲು ಅದನ್ನ ಹಾಕ್ಬೇಕು."

ಮುಖ ಅರಳಿತು. "ಒಂದು ಸಾಲು ತಾನೇ! ಈಗಲೇ ಹಾಕಿ ಪ್ಯಾಕ್..."

"ಆತುರಗೇಡಿ! ಇದೇ ಕೈಲಿ ಬರೆದಿದ್ದು ಇನ್ನೆಷ್ಟು ಕಡೆ ಇದೆ? ಕೂಡೋದು ಇದ್ದಲ್ಲಿ ಕಳೆಯೋದೂ ಇರುತ್ತಲ್ಲ? ಅಲ್ಲೆಲ್ಲ ನೋಡಿದ್ದೀಯಾ?"

ಅವನು ಮೇಜಿನ ಸುತ್ತ ಒಂದು ಸುತ್ತು ಬಂದ, ಬಕೆಟ್ಟಿನಲ್ಲಿದ್ದ ನೀರು ನೋಡಿದ, ನನ್ನ ಮುಖ ನೋಡಿದ. ನಾನು ಕಣ್ಣು ಇಳಿಸಲಿಲ್ಲ. ಕೊನೆಗೆ ಫೋನ್ ತೆಗೆದು ಆಸ್ಪತ್ರೆಯ ದೊಡ್ಡ ಡಾಕ್ಟರಮ್ಮನಿಗೆ ಮಾಡಿದ. ಬೆವರು ಒರೆಸಿಕೊಂಡ.

"ಮೇಡಂ, ಸೋಮವಾರ ಯಂತ್ರ ಬರಲ್ಲ. ಇಲ್ಲ, ಲಾರಿ ತೊಂದರೆ ಅಲ್ಲ. ಅದು ನಡುವೆ ನಿಂತುಹೋಗ್ತಿದೆ. ಯಾಕೆ ಅಂತ ಈಗ ಗೊತ್ತಾಗಿದೆ, ಸರಿ ಮಾಡ್ದೆ ಕೊಡಲ್ಲ." ಆ ಕಡೆಯಿಂದ ಮಾತು ಜೋರಾಗಿಯೇ ಬಂತು. ಕಿವಿಯಿಂದ ಫೋನ್ ದೂರ ಹಿಡಿದು ಎಲ್ಲ ಕೇಳಿಸಿಕೊಂಡ. "ನೀವು ಬೇರೆಯವರ ಹತ್ರ ಹೋದ್ರೂ ನಾನು ಬೇಡ ಅನ್ನಲ್ಲ ಮೇಡಂ," ಎಂದು ಇಟ್ಟ.

ಹೋಗುತ್ತಾರೋ ಕಾಯುತ್ತಾರೋ ಅವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕುಳಿತ.

"ಎಲ್ಲಿಂದ ಶುರು ಮಾಡೋಣ, ಅತ್ತಿಗೆ?"

"ಮೊದಲಿಂದ. ನೀನು ಓದು, ನಾನು ಹುಡುಕ್ತೀನಿ. ಒಂದು ಸಾಲು ಹಾರಿಸಿದ್ರೂ ಬೆನ್ನಿಗೆ ಏಟು ಬೀಳುತ್ತೆ."

ಗಂಟಲು ಸರಿಮಾಡಿಕೊಂಡು ಓದತೊಡಗಿದ, ನಿಧಾನವಾಗಿ.