ಕುದ್ರುವಿಗೆ ಬಿದ್ದ ಚೀಟಿ

ಬೆಟ್ಟಿ ಗಂಡನ ಶರ್ಟಿನ ಕಾಲರನ್ನು ಮತ್ತೊಮ್ಮೆ ನೇರ ಮಾಡುತ್ತಿದ್ದಾಗ ಹಿಂದಿನಿಂದ ಯಾರೋ ಕೆಮ್ಮಿದರು. ತಿರುಗಿದರೆ ಸರ್ವೋತ್ತಮ ಶೆಟ್ರು, ಊರವರ ಬಳಗದ ಅಧ್ಯಕ್ಷರು. ಅಬುಧಾಬಿಯ ಬನಿಯಾಸಿನ ಶವಾಗಾರದಲ್ಲಿ ಎಲ್ಲರೂ ಪಿಸುಗುಟ್ಟುತ್ತಿದ್ದರು. ಶೆಟ್ರೂ ಪಿಸುಗುಟ್ಟಿದರು. ಆದರೆ ಅವರ ಪಿಸುಮಾತು ಆಚೆ ಕೋಣೆಗೂ ಕೇಳುವಂಥದ್ದು.

"ಬಾಯಮ್ಮ, ಈ ಹೊತ್ತಲ್ಲಿ ಕೇಳಬಾರದು. ಆದ್ರೆ ಮಣ್ಣು ಮಾಡಿದ ಮೇಲೆ ಕೇಳಿ ಪ್ರಯೋಜನ ಇಲ್ಲ."

"ಎಂತದು ಶೆಟ್ರೇ?"

"ಆ ಚೀಟಿಯ ವಿಷಯ."

ಬೆಟ್ಟಿಯ ಕೈ ಕಾಲರಿನ ಮೇಲೆಯೇ ನಿಂತಿತು. ಹೋಟೆಲಿನ ಲಾಂಡ್ರಿಯಲ್ಲಿ ಬದುಕಿಡೀ ಬೇರೆಯವರ ಕಾಲರುಗಳಿಗೆ ಇಸ್ತ್ರಿ ಹಾಕಿದ್ದ ಮಾರ್ಸೆಲ್ ಪಾಯ್ಸನ ಶರ್ಟಿಗೆ ಇವತ್ತು ಅವಳೇ ಇಸ್ತ್ರಿ ಹಾಕಿದ್ದಳು. ಅಷ್ಟು ಚೆನ್ನಾಗಿ ಬಂದಿರಲಿಲ್ಲ.

ಬಾಗಿಲಲ್ಲಿ ಬಳಗದ ಇನ್ನೊಂದು ಬಣದ ಯುಜಿನ್ ನಿಂತಿದ್ದ. ಚೀಟಿ ಎತ್ತುವವರೆಗೆ ಅವನೂ ಶೆಟ್ರೂ ಒಂದೇ ಲಿಫ್ಟಿಗೆ ಹತ್ತುತ್ತಿರಲಿಲ್ಲ. ಇವತ್ತು ಒಂದೇ ಕಾರಿನಲ್ಲಿ ಬಂದಿದ್ದರು.

"ಊರಿನ ಹೊಳೆ ನಡುವಿನ ಕುದ್ರುವಿನಲ್ಲಿ ಮಾರ್ಸೆಲ್ ಜಾಗ ನೋಡಿದ್ದನಂತೆ," ಎಂದ ಯುಜಿನ್. "ಹೊಳೆ ದಾಟಲಿಕ್ಕೆ ಸಂಕ ಆದ್ರೆ ಅಲ್ಲಿ ರೇಟು ಎಲ್ಲಿಗೆ ಹೋಗ್ತದೆ ಅಂತ ಗೊತ್ತುಂಟಲ್ಲ, ಬೆಟ್ಟಿಬಾಯಿ? ಚೀಟಿ ಮಡಚಿದ್ದು ಗಂಡ, ಎತ್ತಿದ್ದು ಹೆಂಡತಿ. ಜನ ಸುಮ್ಮನೆ ಮಾತಾಡ್ತಾರಾ?"

"ಅಂಕಲ್, ಪ್ಲೀಸ್. ನಾಟ್ ಹಿಯರ್," ಎಂದಳು ಮಗಳು ಪರ್ಲ್.

"ಇಲ್ಲಿ ಅಲ್ಲ ಮಗಳೇ, ಸಿಮೆಟ್ರಿಯಲ್ಲಿ," ಎಂದರು ಶೆಟ್ರು. "ಬಾಯಮ್ಮ ಪೆಟ್ಟಿಗೆ ಮುಟ್ಟಿ ಆಣೆ ಹಾಕಲಿ, ಚೀಟಿಯಲ್ಲಿ ಮೋಸ ಇಲ್ಲ ಅಂತ. ಖಲಾಸ್. ನಾಳೆಯೇ ದುಡ್ಡು ಕುದ್ರುವಿಗೆ ಹೋಗ್ತದೆ. ಇಲ್ಲದಿದ್ರೆ ಚೀಟಿ ಇನ್ನೊಮ್ಮೆ ಎತ್ತುವ."

ಬಳಗದಲ್ಲಿ ರಶೀದಿ, ಸಹಿ ಎಂಬುದು ಯಾವತ್ತೂ ಇರಲಿಲ್ಲ. ಊರಿನಲ್ಲಿ ಬೇಲಿಯ ಜಗಳವನ್ನು ಆಣೆಯಿಂದ ಮುಗಿಸುವ ಜನ ಇಲ್ಲಿ ಬಂದು ಬೇರೆ ದಾರಿ ಕಲಿತಿರಲಿಲ್ಲ. ಸತ್ತವರ ಮೇಲೆ ಸುಳ್ಳು ಆಣೆ ಹಾಕುವವರು ಇದ್ದಾರೆಂದು ಶೆಟ್ರು ಕನಸಿನಲ್ಲೂ ನಂಬುವವರಲ್ಲ.

ಬೆಟ್ಟಿಯೂ ನಂಬುವವಳಲ್ಲ. ಅವಳಿಗೆ ಹೆದರಿಕೆ ಇದ್ದದ್ದೇ ಅದಕ್ಕೆ.

*

ಬಳಗವೆಂದರೆ ಒಂದೇ ಹೊಳೆಯ ಎರಡು ದಡದವರು. ಅಬುಧಾಬಿ, ದುಬೈ, ರುವೈಸಿನಿಂದ ವರ್ಷಕ್ಕೊಮ್ಮೆ ಪಿಕ್ನಿಕ್ಕಿಗೆ ಸೇರುತ್ತಿದ್ದರು. ಲಾಟರಿ ಟಿಕೆಟ್ಟು ಮಾರಿ ಬಂದದ್ದರಲ್ಲಿ ಊರಿಗೊಂದು ಕೆಲಸ ಮಾಡಿಸುವುದು ರೂಢಿ. ಯಾವ ಕೆಲಸ ಎಂಬುದಕ್ಕೆ ಮೊದಲು ಜಗಳ, ಆಮೇಲೆ ಚೀಟಿ.

ಈ ವರ್ಷ ಶೆಟ್ರ ಕಡೆಯವರಿಗೆ ದೇವಸ್ಥಾನದ ಕಮಾನು ಬೇಕಿತ್ತು. ಯುಜಿನ್ ಕಡೆಯವರಿಗೆ ಇಗರ್ಜಿಯ ಸಭಾಂಗಣಕ್ಕೆ ಹೊಸ ಚಾವಣಿ ಬೇಕಿತ್ತು. ಸಭೆಯಲ್ಲಿ ಎರಡೂ ಕಡೆಯವರ ಗಂಟಲು ಸೋತ ಮೇಲೆ ಆಸ್ಯಮ್ಮ ಎದ್ದು ನಿಂತಳು. ಬಿನ್ ಜಾಯೆದ್ ಸಿಟಿಯ ವಿಲ್ಲಾಗಳಲ್ಲಿ ಅಡುಗೆ ಮಾಡುವವಳು. ಊರಿನ ಮನೆ ಹೊಳೆಯ ನಡುವಿನ ಕುದ್ರುವಿನಲ್ಲಿ.

"ನಮಗೊಂದು ಕಾಲುಸಂಕ ಆಗಬೇಕಿತ್ತು. ಮಕ್ಕಳು ಶಾಲೆಗೆ ದೋಣಿಯಲ್ಲಿ ಹೋಗುವುದು."

"ನಿನ್ನದು ಎಷ್ಟು ಟಿಕೆಟ್ಟು ಆಸ್ಯಮ್ಮ?" ಎಂದು ಯಾರೋ ಕೇಳಿದರು.

"ಒಂದು."

ಎಲ್ಲರೂ ನಕ್ಕರು. ಮಾರ್ಸೆಲ್ ಕೂಡ ನಕ್ಕದ್ದನ್ನು ಬೆಟ್ಟಿ ನೋಡಿದ್ದಳು. ನಕ್ಕದ್ದಕ್ಕೋ ಏನೋ, ಅವಳ ಕೆಲಸಕ್ಕೂ ಒಂದು ಚೀಟಿ ಬರೆಯುವುದೆಂದಾಯಿತು. ಒಂದು ಕಡೆಯವರ ಕೈಯನ್ನು ಇನ್ನೊಂದು ಕಡೆಯವರು ನಂಬದ ಕಾರಣ ಚೀಟಿ ಮಡಚುವ ಕೆಲಸ ಯಾವ ಕಡೆಯೂ ಬಾಯಿ ತೆರೆಯದ ಮಾರ್ಸೆಲನ ಪಾಲಿಗೆ, ಎತ್ತುವ ಕೆಲಸ ಬೆಟ್ಟಿಯ ಪಾಲಿಗೆ ಬಂತು. ಪಿಕ್ನಿಕ್ಕಿನ ಹಿಂದಿನ ಸಂಜೆ ಬೆಟ್ಟಿ ಅಡುಗೆಮನೆಗೆ ಬಂದಾಗ ಅವನು ಕುದ್ರುವಿನ ಚೀಟಿಗೆ ಮಾತ್ರ ಗಂಜಿ ಹಚ್ಚಿ ಇಸ್ತ್ರಿ ಒತ್ತುತ್ತಿದ್ದ.

"ಎಂತ ಇದು?"

"ನಾಳೆ ಪಾತ್ರೆಗೆ ಕೈ ಹಾಕುವವಳು ನೀನಲ್ವಾ? ಬೆರಳಿಗೆ ಗರಿಗರಿ ಆದದ್ದನ್ನು ತೆಗಿ."

"ಪಾಪ ಅಲ್ವಾ ಮಾರ್ಸೆಲ್?"

"ಪಾಪ ಹೇಳಿಕೊಳ್ಳಲಿಕ್ಕೆ ಕುಂಪ್ಸಾರಿಗೆ ನಾನು ಹೋಗ್ತೇನೆ. ನೀನು ಕೈ ಹಾಕು ಅಷ್ಟೆ."

"ಕುದ್ರುವೇ ಯಾಕೆ?"

ಅವನು ಚೀಟಿಯನ್ನು ತಿರುವಿ ಹಾಕಿ ಇನ್ನೊಂದು ಮಗ್ಗುಲು ಒತ್ತಿದ. ಮರುದಿನ ಅವಳು ತೆಗೆದಳು. ಮತ್ತೆ ಕೇಳಲಿಲ್ಲ.

*

ಆಂಬುಲೆನ್ಸಿನ ಹಿಂದೆ ಪರ್ಲ್ ಕಾರು ಓಡಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ಬೆಟ್ಟಿಯ ಪಕ್ಕ ಆಸ್ಯಮ್ಮ.

"ಆಸ್ಯಮ್ಮ, ನಿಜ ಹೇಳು. ಇವರು ಜಾಗ ಕೇಳಿದ್ರಾ?"

"ಕೇಳಿದ್ರು ಬೆಟ್ಟಿಯಕ್ಕ. ರಿಟೈರ್ ಆದ ಮೇಲೆ ಮನೆ ಕಟ್ಟುವ ಅಂತ. ಬಾವಿಯಲ್ಲಿ ಉಪ್ಪುನೀರು, ಬೇಡ ಅಂದೆ. ಬಿಟ್ರು."

"ಯಾವಾಗ ಬಿಟ್ಟದ್ದು? ಚೀಟಿಯ ಮೊದಲಾ, ಆಮೇಲಾ?"

"ಅದೆಲ್ಲ ನನಗೆ ನೆನಪುಂಟಾ?"

ಬೆಟ್ಟಿ ಅವಳ ಮುಖವನ್ನೇ ನೋಡಿದಳು. ಸಂಕ ಬೇಕಾದವಳು ಇನ್ನೇನು ಹೇಳಿಯಾಳು? ಗಂಡನ ಮೇಲೂ ಸಂಶಯ, ಪಕ್ಕದಲ್ಲಿ ಕೂತವಳ ಮೇಲೂ ಸಂಶಯ. ಇಷ್ಟರ ಮಧ್ಯೆ ಅಳು ಎಲ್ಲಿಂದ ಬರಬೇಕು?

ಸಿಗ್ನಲಿನಲ್ಲಿ ಕಾರು ನಿಂತಾಗ ಆಸ್ಯಮ್ಮ ತಾನಾಗಿಯೇ ಹೇಳಿದಳು. "ಒಂದು ನೆನಪುಂಟು. ಆ ಸಭೆ ಮುಗಿದ ಮೇಲೆ ಮೊಮ್ಮಗಳ ಫೋಟೋ ತೋರಿಸಿದ್ದೆ. ದೋಣಿಯಿಂದ ಇಳಿಯುವಾಗ ಬಿದ್ದು, ಬಿಳಿ ಯೂನಿಫಾರ್ಮು ಸೊಂಟದವರೆಗೆ ಕೆಸರು. ನೋಡಿದವರೆಲ್ಲ ಅಯ್ಯೋ ಪಾಪ ಅಂದ್ರು. ನಿಮ್ಮವರು ಎಂತ ಕೇಳಿದ್ದು ಗೊತ್ತುಂಟಾ? 'ಈ ಕಲೆ ಎಂತದರಲ್ಲಿ ತೆಗೀತೀರಿ ಆಸ್ಯಮ್ಮ?' ನನಗೆ ಸಿಟ್ಟೇ ಬಂತು."

"ನೀನು ಎಂತ ಹೇಳಿದೆ?"

"ಹೋಗುವುದಿಲ್ಲ ಅಂದೆ. ದಿನಾ ಬೀಳ್ತದಲ್ಲ. ಅವರು ಫೋಟೋ ದೊಡ್ಡ ಮಾಡಿ ಮಾಡಿ ನೋಡಿದ್ರು. ಫೋನೇ ವಾಪಸ್ ಕೊಡಲಿಲ್ಲ, ನಾನು ಕೇಳಿ ತಗೊಳ್ಳಬೇಕಾಯ್ತು."

ಬೆಟ್ಟಿ ಕಿಟಕಿಯ ಕಡೆ ತಿರುಗಿದಳು. ಇಷ್ಟನ್ನು ಕಟ್ಟಿ ಹೇಳುವುದು ಆಸ್ಯಮ್ಮನಿಂದ ಆಗುವ ಕೆಲಸವಲ್ಲ. ಮಕ್ಕಳು ಬಿದ್ದರೆ ಗಾಯ ನೋಡುವ ಮೊದಲು ಬಟ್ಟೆ ನೋಡುವ ಮನುಷ್ಯ ಇಡೀ ಅಬುಧಾಬಿಯಲ್ಲಿ ಒಬ್ಬನೇ ಇದ್ದ.

"ಮಮ್ಮಿ, ಆರ್ ಯು ಓಕೆ?"

"ನೀನು ರಸ್ತೆ ನೋಡು."

*

ಸಿಮೆಟ್ರಿಯಲ್ಲಿ ಆಗಸ್ಟಿನ ಸೆಕೆ. ಗಾಳಿಯಿಲ್ಲ, ಬಟ್ಟೆ ಮೈಗೆ ಅಂಟುತ್ತಿತ್ತು. ಪಾದ್ರಿಗಳು ದೂರದಲ್ಲಿ ಗುಂಡಿಯ ಬಳಿ ಕಾಯುತ್ತಿದ್ದರು. ಆಂಬುಲೆನ್ಸಿನ ಬಾಗಿಲು ತೆರೆದು ಪೆಟ್ಟಿಗೆಯನ್ನು ಅರ್ಧ ಹೊರಗೆ ಎಳೆದಾಗ ಶೆಟ್ರು ಕೈ ಎತ್ತಿದರು. ಎಲ್ಲರೂ ನಿಂತರು.

"ಬಾಯಮ್ಮ, ಒತ್ತಾಯ ಇಲ್ಲ."

"ಒತ್ತಾಯ ಅಲ್ಲದೆ ಮತ್ತೆಂತ ಶೆಟ್ರೇ ಇದು?" ಎಂದಳು ಬೆಟ್ಟಿ. ಯುಜಿನ್ ಬೂಟಿನ ತುದಿ ನೋಡಿಕೊಂಡ.

ಅವಳು ಮುಂದೆ ಬಂದು ಮುಚ್ಚಳದ ಮೇಲೆ ಅಂಗೈ ಇಟ್ಟಳು.

"ಇವರ ಆಣೆ. ಇವರು ನನಗೆ ಎಂತದೂ ಹೇಳಿಕೊಟ್ಟಿಲ್ಲ. ಚೀಟಿಯಲ್ಲಿ ಮೋಸ ಇಲ್ಲ."

ಶೆಟ್ರು ಕಣ್ಣು ಮುಚ್ಚಿ ತಲೆಯಾಡಿಸಿದರು. "ಆಯ್ತು. ನಾಳೆ ಕಳಿಸ್ತೇನೆ." ಆಮೇಲೆ ಯಾರೂ ಕರೆಯದೆ ತಾವೇ ಮುಂದೆ ಹೋಗಿ ಹೆಗಲು ಕೊಟ್ಟರು. ಇನ್ನೊಂದು ಬದಿಗೆ ಯುಜಿನ್ ಬಂದ.

ತಣ್ಣಗಿನ ಕೋಣೆಯಿಂದ ಬಂದ ಪೆಟ್ಟಿಗೆಯ ಪಾಲಿಶ್ ಮಾಡಿದ ಮುಚ್ಚಳಕ್ಕೆ ಅಷ್ಟರಲ್ಲಿ ಬಿಳಿಯ ಮಂಜು ಹಿಡಿದಿತ್ತು. ಅದರ ನಡುವೆ ಬೆಟ್ಟಿಯ ಕೈಯ ಗುರುತು, ಐದು ಬೆರಳೂ ಸ್ಪಷ್ಟ. ಹೊತ್ತವರು ಹೆಜ್ಜೆ ಹಾಕಿದಂತೆ ಬೆರಳುಗಳ ತುದಿಯಿಂದ ನೀರು ಗೆರೆಯಾಗಿ ಇಳಿದು ಶೆಟ್ರ ಬಿಳಿ ಶರ್ಟಿನ ಹೆಗಲನ್ನು ಒದ್ದೆ ಮಾಡತೊಡಗಿತು. ಅವರು ಅದನ್ನು ಬೆವರೆಂದುಕೊಂಡು ನಡೆಯುತ್ತಲೇ ಇದ್ದರು.